ಸುರಂಗದಲ್ಲಿ ಹಾಲಿನ ಹೊಳೆ

ಭಾನುವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ನನ್ನ ಹೆಂಡತಿ ಶೈಲಾ ಗ್ಯಾಸ್ ಮೇಲೆ ಹಾಲಿಟ್ಟಳು. ಎಲ್ಲ ಕೆಟ್ಟದ್ದು ಅಲ್ಲಿಂದ.

ಕೆಳಗಿನ ಮಹಡಿಯ ಕಾಕೂ ಮನೆಯಲ್ಲಿ ಅರಿಶಿನ-ಕುಂಕುಮ. ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, ನಾವು ನಾಲ್ವರು ಆಟಕ್ಕೆ ಕೂತಿದ್ದ ಹೊರಗಿನ ಕೋಣೆಗೆ ಬಂದು, "ಹಾಲಿಟ್ಟೀನ್ರಿ. ಉಕ್ಕೋದ್ರಾಗ ಯಾರರ ಬಂದ್ ಮಾಡ್ರಿ" ಅಂದಳು.

ದೇಶಪಾಂಡೆ ತಲೆ ಎತ್ತದೆ, "ಹೌದು. ಮತ್ತ?" ಅಂದ.

"ಸುರಂಗದಲ್ಲಿ ಹಾಲಿನ ಹೊಳೆ ಉಕ್ತಾ ಇದೆ!" ಅಂದಳು ಸುಷ್ಮಾ.

"ನಾ ಈಜಿ ದಾಟ್ತೀನಿ" ಅಂದ ಪಾಟೀಲ.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಾತು ತಲುಪಿತು ಅಂದುಕೊಂಡು ಶೈಲಾ ಮೆಟ್ಟಿಲಿಳಿದಳು.

ಸ್ವಲ್ಪ ವಿವರಿಸಬೇಕು. (ಪೊಲೀಸರು ಬಂದಿದ್ದರೂ ಇದನ್ನೇ ಹೇಳುತ್ತಿದ್ದೆ. ಅವರು ನಂಬುತ್ತಿರಲಿಲ್ಲ.) ಇದು ಮೇಜಿನ ಸುತ್ತ ಕೂತು ಬಾಯಲ್ಲೇ ಕಥೆ ಕಟ್ಟುವ ಆಟ. ವೇಷವಿಲ್ಲ, ರಂಗವಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಪಾತ್ರ ಏನು ಮಾಡುತ್ತದೆ ಅಂತ ನಾವು ಹೇಳುತ್ತೇವೆ, ಮುಂದೇನಾಯಿತು ಅಂತ ಸೂತ್ರಧಾರ ಹೇಳುತ್ತಾನೆ, ಅನುಮಾನ ಬಂದರೆ ದಾಳ ತೀರ್ಮಾನಿಸುತ್ತದೆ. (ಪರದೇಶದ ಆಟ. ಅಲ್ಲಿ ದಾಳಕ್ಕೆ ಇಪ್ಪತ್ತು ಮುಖವಂತೆ. ನಮ್ಮದು ಲೂಡೋ ಡಬ್ಬಿಯದು.) ಸೂತ್ರಧಾರ ದೇಶಪಾಂಡೆ ಸೈಬರ್ ಕೆಫೆಯಲ್ಲಿ ಕೂತು ನಿಯಮಗಳ ಪ್ರಿಂಟ್ ತೆಗೆಸಿ ತಂದಿದ್ದ. ಅದಕ್ಕೆ ತನ್ನದೊಂದು ಸೇರಿಸಿದ್ದ: ಮೇಜಿನ ಬಳಿ ಯಾರು ಏನೇ ಹೇಳಿದರೂ ಅದು ಕಥೆ. "ಇಲ್ಲ" ಅನ್ನುವ ಹಾಗಿಲ್ಲ. "ಹೌದು. ಮತ್ತ?" ಅನ್ನಬೇಕು.

ಎಂಥ ಉದಾರ ನಿಯಮ ಅಲ್ಲವೇ? ವಾರವಿಡೀ ಮನೆಯಲ್ಲಿ, ಆಫೀಸಿನಲ್ಲಿ "ಇಲ್ಲ" ಕೇಳಿಸಿಕೊಂಡ ನಮಗೆ ಭಾನುವಾರದ ಸಂಜೆ ಸ್ವರ್ಗವಾಗಿತ್ತು.

ಆಟ ಕೋಥರೂಡದ ನಮ್ಮ ಫ್ಲ್ಯಾಟಿಗೆ ಬಂದದ್ದು ನನ್ನ ಕಾಲಿನ ದೆಸೆಯಿಂದ. ಸ್ಕೂಟರಿನಿಂದ ಬಿದ್ದು ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್. ಯಾರಾದರೂ ಹಿಡಿದೆತ್ತದೆ ದಿವಾನದಿಂದ ಏಳುವಂತಿಲ್ಲ. ಕಥೆಯಲ್ಲಿ ನಾನು ಠಕ್ಕ, ಬಾಯಿ ಬಿಟ್ಟರೆ ಸುಳ್ಳು. ಬಟ್ಟೆ ಅಂಗಡಿಯ ಪಾಟೀಲ ಪೈಲ್ವಾನ. ಯೆರವಡಾದ ಕಂಪನಿಯೊಂದರಲ್ಲಿ ಕೋಡ್ ಬರೆಯುವ ಬೆಂಗಳೂರಿನ ಸುಷ್ಮಾ ರಾಣಿ. ಮೂವರೂ ಹಳೇ ಕೋಟೆಯ ಕೆಳಗಿನ ಸುರಂಗದಲ್ಲಿ ನಿಧಿ ಹುಡುಕುತ್ತಿದ್ದೆವು.

ಮೊದಲು ವಾಸನೆ ಹಿಡಿದದ್ದು ನಾನು.

"ಗ್ಯಾಸ್ ವಾಸನಿ ಬರ್ಲಿಕತ್ತದ" ಅಂದೆ.

"ಹೌದು" ಅಂದ ದೇಶಪಾಂಡೆ. "ಮಹಾಸರ್ಪದ ಉಸಿರು ಅದು. ಮತ್ತ?"

ಸುಷ್ಮಾ ಮೂಗು ಅರಳಿಸಿದಳು. "ಅಯ್ಯೋ, ನಿಜವಾಗ್ಲೂ ಬರ್ತಿದೆ! ದೇಶಪಾಂಡೆ ಸರ್, ಎಫೆಕ್ಟ್ ಸೂಪರ್!"

ಎಫೆಕ್ಟಿಗೆ ದೇಶಪಾಂಡೆ ಹೆಸರುವಾಸಿ. ಸಮುದ್ರದ ಕಥೆ ಹೇಳುವ ದಿನ ಒಣಮೀನು ತಂದು ಮೇಜಿನ ಕೆಳಗಿಟ್ಟವನು. (ದೇಶಪಾಂಡೆ, ಒಣಮೀನು! ಶೈಲಾ ನೆಲ ತೊಳೆದದ್ದೇ ತೊಳೆದದ್ದು.) ಈಗ ತಾನು ಮಾಡದ ಎಫೆಕ್ಟಿಗೆ ಹೊಗಳಿಕೆ ಬಂತು. ಏನು ಮಾಡಿದ? ನಾವು ನೀವು ಮಾಡುವುದನ್ನೇ. ವಿನಯದಿಂದ ನಕ್ಕ.

"ಎಫೆಕ್ಟ್ ಅಲ್ಲೋ ಮಾರಾಯಾ! ಖರೇ ಗ್ಯಾಸ್! ಒಲಿ ಆರ್ಯದ, ಯಾರರ ಏಳ್ರಿ!"

"ಏನ್ ಚಲೋ ಸುಳ್ಳ ಹೇಳ್ತಾನ್ರಿ ಈ ಠಕ್ಕ" ಅಂದ ಪಾಟೀಲ. "ಕಣ್ಣಾಗ ನೀರು ಬಂದಾವ ನೋಡ್ರಿ."

"ನನ್ನ ತಾಯಾಣಿ!"

"ಠಕ್ಕಗ ತಾಯಿ ಇಲ್ಲ" ಅಂದ ದೇಶಪಾಂಡೆ. "ಅನಾಥ ಅಂತ ಹೋದ ವಾರ ನೀನ ಹೇಳೀದಿ." ("ಇಲ್ಲ" ಅನ್ನಬಾರದೆಂಬ ನಿಯಮ ಸೂತ್ರಧಾರನಿಗೆ ಅನ್ವಯಿಸುವುದಿಲ್ಲ.)

ಸುರಂಗಕ್ಕೆ ಕತ್ತಲೆ ಬೇಕೆಂದು ಕಿಟಕಿ ಮುಚ್ಚಿ ಪರದೆ ಎಳೆದದ್ದು ಮೊದಲೇ ಆಗಿತ್ತು. ಈಗ ಮೇಜಿನ ಆ ತುದಿಯಲ್ಲಿ ಅವನು ಮೇಣದಬತ್ತಿ ನಿಲ್ಲಿಸಿದ. ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದ. ಹೆಬ್ಬೆರಳಿನಿಂದ ಅದನ್ನು ನಿಧಾನಕ್ಕೆ ತಳ್ಳಿದ. ಕಡ್ಡಿಗಳ ಕೆಂಪು ತಲೆಗಳು ಸಾಲಾಗಿ ಹೊರಬಂದವು.

"ಠಕ್ಕ ಕಡ್ಡಿಪೆಟ್ಟಿಗಿ ಕಸ್ಕೊಂಡ!" ಎಂದು ಕಿರುಚಿದೆ.

"ಹೌದು. ದಾಳ ಹಾಕು."

ಹಾಕಿದೆ! ಸಾವು ಎದುರಿಗೆ ನಿಂತಿದೆ, ನಾನು ದಾಳ ಹಾಕುತ್ತಿದ್ದೇನೆ. ಬಿದ್ದದ್ದು ಒಂದು.

"ಠಕ್ಕನ ಕೈ ಜಾರ್ತು" ಅಂದ ದೇಶಪಾಂಡೆ, ಕಡ್ಡಿಯೊಂದನ್ನು ಆರಿಸುತ್ತ.

ಆಗ ಹೊಳೆಯಿತು. ನಿಜ ಹೇಳಿ ಉಪಯೋಗವಿಲ್ಲ. ಪಕ್ಕದಲ್ಲಿದ್ದ ಪಾಟೀಲನತ್ತ ಬಾಗಿ, ದನಿ ತಗ್ಗಿಸಿ, "ಪೈಲ್ವಾನರ, ನಿಧಿ ಎಲ್ಲದ ನಂಗ ಗೊತ್ತದ. ಅಡಿಗಿಮನ್ಯಾಗ. ರಾಣಿಗೆ ಹೇಳಬ್ಯಾಡ್ರಿ" ಅಂದೆ.

ದೇಶಪಾಂಡೆಯ ಕೈ ನಿಂತಿತು. ಕಥೆ ತಿರುಗುವಾಗ ಅವನು ಉಸಿರನ್ನೂ ಬಿಡುವುದಿಲ್ಲ. ಪಾಟೀಲ ತೊಡೆ ತಟ್ಟಿ ಎದ್ದವನೇ ಅಡುಗೆಮನೆಗೆ ನುಗ್ಗಿದ.

ಆಮೇಲೆ ಕೇಳಿದ ದನಿ ಪೈಲ್ವಾನನದಲ್ಲ, ಬಟ್ಟೆ ಅಂಗಡಿಯದು. "ಅಯ್ಯಯ್ಯ! ಹಾಲು ಉಕ್ಕಿ ಒಲಿ ಆರ್ಯದರೀ! ಗ್ಯಾಸ್ ಬುಸ್ ಅಂತ ಬರ್ಲಿಕತ್ತದ!"

"ಹೌದು" ಅಂದ ದೇಶಪಾಂಡೆ, ಕಡ್ಡಿಯನ್ನು ಪೆಟ್ಟಿಗೆಗೆ ತಾಗಿಸಿ. "ಮತ್ತ?"

ಸುಷ್ಮಾ ಅವನ ಕೈಗೇ ಒಂದೇಟು ಕೊಟ್ಟಳು. ಕಡ್ಡಿ, ಪೆಟ್ಟಿಗೆ, ಮೇಣದಬತ್ತಿ ಎಲ್ಲ ನೆಲದ ಮೇಲೆ. "ಪಾಟೀಲ್ ಸರ್‌ಗೆ ಇಷ್ಟು ಚೆನ್ನಾಗಿ ಆ್ಯಕ್ಟಿಂಗ್ ಬರಲ್ಲ ಸರ್!"

ನಾವು ನಾಲ್ವರು ಇವತ್ತು ಬದುಕಿರುವುದು ಪಾಟೀಲ ಕೆಟ್ಟ ನಟನಾದ್ದರಿಂದ. ಅವನು ಒಲೆ ಬಂದ್ ಮಾಡಿದ, ಸುಷ್ಮಾ ಕಿಟಕಿಗಳನ್ನು ತೆಗೆದಳು, ದೇಶಪಾಂಡೆ ನೆಲದ ಮೇಲೆ ಕೂತು ಚೆಲ್ಲಿದ ಕಡ್ಡಿಗಳನ್ನು ಒಂದೊಂದಾಗಿ ಹೆಕ್ಕಿದ. ಯಾರೂ ದಾಳ ಮುಟ್ಟಲಿಲ್ಲ.

ನಾನು ನಾನಾಗಿ ಅಂಗಲಾಚಿದಾಗ ಒಬ್ಬರೂ ಏಳಲಿಲ್ಲ. ಠಕ್ಕನಾಗಿ ಪಿಸುಗುಟ್ಟಿದೆ, ಪಾಟೀಲ ಓಡಿದ. ಆಟದಲ್ಲಿ ಮಾತ್ರ ಹೀಗೆಯೇ? ನಮ್ಮ ಆಫೀಸಿನಲ್ಲಿ "ಲಿಫ್ಟಿನ ಹಗ್ಗ ಸವೆದಿದೆ" ಅಂದರೆ ಯಾರೂ ತಿರುಗಿ ನೋಡುವುದಿಲ್ಲ. "ನಾಳೆ ದೊಡ್ಡ ಸಾಹೇಬರು ಲಿಫ್ಟಿನಲ್ಲಿ ಬರ್ತಾರಂತೆ" ಅಂದು ನೋಡಿ!

ಆ ದಿನದಿಂದ ನನಗೆ ರಾತ್ರಿ ನಿದ್ದೆ ಬಾರದಾಯಿತು. ಕಣ್ಣು ಮುಚ್ಚಿದರೆ ದೇಶಪಾಂಡೆಯ ಹೆಬ್ಬೆರಳು. ಪ್ಲಾಸ್ಟರ್ ಇರುವವರೆಗೆ ಶೈಲಾಳನ್ನು ಎಬ್ಬಿಸಿ ಸಿಲಿಂಡರ್ ನೋಡಿಸುತ್ತಿದ್ದೆ. ಬಿಚ್ಚಿದ ಮೇಲೆ ನಾನೇ ಕುಂಟುತ್ತ ಹೋಗುತ್ತಿದ್ದೆ. ಅವಳು ಗೊಣಗಿ ಮಗ್ಗುಲಾಗುತ್ತಿದ್ದಳು.

ಕಳೆದ ಗುರುವಾರ ಮೊದಲ ಸಲ ಬೆಳಗಿನವರೆಗೆ ಒಂದೇ ನಿದ್ದೆ. ಹಿಗ್ಗಿನಿಂದ ಎದ್ದು ಬಂದರೆ ಶೈಲಾ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದಾಳೆ. ಕಣ್ಣು ಕೆಂಪು.

"ಯಾಕ, ನಿದ್ದಿ ಬರಲಿಲ್ಲೇನು?"

"ದಿನಾ ನೀವು ಎದ್ದು ನೋಡ್ತಿದ್ರಿ" ಅಂದಳು. "ನಿನ್ನಿ ನೀವು ಮಲ್ಕೊಂಡ್ರಿ. ಯಾರರ ನೋಡಬೇಕಲ್ರಿ?"