ಮೂರು ಅಳತೆ ಹಿಟ್ಟು, ಏಳು ನಿಮಿಷ

ಕಾನ್ವೆಂಟಿನ ಸಿಸ್ಟರುಗಳು ನನಗೆ ಸಿಟ್ಟು ಮಾಡುವುದನ್ನು ಕಲಿಸಲಿಲ್ಲ. ಬಾಗಿಲು ಸದ್ದಾಗದಂತೆ ಮುಚ್ಚುವುದು, ಕರವಸ್ತ್ರದ ಅಂಚಿಗೆ ಕಣ್ಣಿಗೆ ಕಾಣದ ಹೊಲಿಗೆ ಹಾಕುವುದು, ದೊಡ್ಡವರ ಮಾತು ಮುಗಿಯುವತನಕ ಕಾಯುವುದು, ಮುಗಿದ ಮೇಲೂ ಮನಸ್ಸಿನಲ್ಲಿ ಹತ್ತು ಎಣಿಸಿ ಬಾಯಿ ತೆರೆಯುವುದು, ಇವನ್ನೆಲ್ಲ ಚೆನ್ನಾಗಿ ಕಲಿಸಿದರು. ಹಾಗಾಗಿ ನಲವತ್ತೆರಡನೆಯ ವಯಸ್ಸಿನಲ್ಲಿ ನಿಜವಾದ ಸಿಟ್ಟು ಬಂದಾಗ ಅದನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಬಂದದ್ದಾದರೂ ಎಲ್ಲಿ? ಚರ್ಚಿನಲ್ಲಿ, ಬಲಿಪೂಜೆಯ ನಡುವೆ, ಅತ್ತೆಯ ಪಕ್ಕ ಮೂರನೆಯ ಬೆಂಚಿನಲ್ಲಿ ಕೂತಿದ್ದಾಗ.

ಹೈದರಾಬಾದಿನಲ್ಲಿ ಆಗ ಎಲ್ಲರಿಗೂ ಇಂಗ್ಲಿಷ್ ಬೇಕಾಗಿತ್ತು. ಊರಿನ ಪಶ್ಚಿಮಕ್ಕೆ ಬಂಡೆ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಬೇಗಂಪೇಟೆಯ ಬಸ್ ಸ್ಟಾಪಿನ ಕಂಬಗಳ ಮೇಲೆ ಕಾಲ್ ಸೆಂಟರಿನ ಚೀಟಿಗಳು ಒಂದರ ಮೇಲೊಂದು ಅಂಟಿಕೊಂಡು ಕಂಬವೇ ದಪ್ಪವಾಗಿತ್ತು. ನನ್ನ ಗಂಡ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿದ್ದರು, ಮನೆ ಉಪ್ಪಲ್‌ನಲ್ಲಿ. ಅಲ್ಲಿಂದ ಎರಡು ಬಸ್ಸು ಬದಲಿಸಿದರೆ ಒಂದು ಸೆಮಿನರಿ. ಪಾದ್ರಿಗಳಾಗಲು ಹೊರಟ ಹುಡುಗರು, ನಾವು ಬ್ರದರ್ ಎಂದು ಕರೆಯುವವರು, ಅಲ್ಲಿ ವರ್ಷಗಟ್ಟಲೆ ದೈವಶಾಸ್ತ್ರ, ಪವಿತ್ರ ಗ್ರಂಥ, ಕ್ರೈಸ್ತ ಧರ್ಮಸಭೆಯ ಇತಿಹಾಸ ಓದುತ್ತಾರೆ. ಅವರ ಇಂಗ್ಲಿಷ್ ಪ್ರಬಂಧಗಳನ್ನು ತಿದ್ದಲು ಯಾರಾದರೂ ಬೇಕೆಂದು ಒಂದು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಮಾಡಿದರು. ನಾನು ಹೋದೆ. ಸಂಬಳ ಬೇಡ, ತರಗತಿಯಲ್ಲಿ ಕೂತು ಕೇಳಲು ಬಿಡಿ ಎಂದೆ. ಬೆಂಚುಗಳು ಖಾಲಿ ಇದ್ದವು, ಒಪ್ಪಿದರು.

"ಪಾದ್ರಿ ಆಗಾಕ ಹೊಂಟೀಯೇನ?" ಎಂದು ಗಂಡ ನಕ್ಕರು.

ಅತ್ತೆ ನಗಲಿಲ್ಲ. ಅವರು ಮುದಗಲ್ಲಿನವರು. ಅವರ ಮನೆತನ ಎಷ್ಟು ತಲೆಮಾರಿನಿಂದ ಕ್ರೈಸ್ತರೆಂದರೆ ಬೇರೆಯವರಿಂದ ಕಲಿಯುವುದು ಏನೂ ಉಳಿದಿಲ್ಲ ಎಂದು ಅವರ ನಂಬಿಕೆ. "ಬೈಬಲ್ ಓದಾಕ ಎರಡು ಬಸ್ ಯಾಕ ಬೇಕ ಯವ್ವಾ? ಕಪಾಟಿನ ಮ್ಯಾಲ ಐತಲ್ಲ," ಎಂದರು.

ಎರಡು ವರ್ಷ, ವಾರಕ್ಕೆ ಮೂರು ದಿನ, ಬಾಗಿಲ ಪಕ್ಕದ ಕೊನೆಯ ಬೆಂಚು ನನ್ನದು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ. ಪರೀಕ್ಷೆ ಇರಲಿಲ್ಲ. ಇತಿಹಾಸದ ತರಗತಿಯಲ್ಲಿ ಮಹಾಸಭೆಗಳ ಪಟ್ಟಿ ಬರೆದುಕೊಳ್ಳುವಾಗ, ಇಷ್ಟು ಬಿಷಪ್ಪರು ತಿಂಗಳುಗಟ್ಟಲೆ ಕೂತು ವಾದ ಮಾಡಿದರಲ್ಲ, ಇವರಿಗೆಲ್ಲ ಅಡಿಗೆ ಮಾಡಿದವರು ಯಾರು ಎಂದು ನನಗೆ ಅನ್ನಿಸುತ್ತಿತ್ತು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೆ. ಕೇಳುತ್ತಿರಲಿಲ್ಲ.

ಪವಿತ್ರ ಗ್ರಂಥ ಕಲಿಸುತ್ತಿದ್ದ ಫಾದರ್ ಮಂಗಳೂರು ಕಡೆಯವರು. ಬಿಳಿ ನಿಲುವಂಗಿಯ ಬಲತೋಳಿಗೆ ಸದಾ ಸೀಮೆಸುಣ್ಣ ಮೆತ್ತಿರುತ್ತಿತ್ತು. ಪಾಠ ಇಂಗ್ಲಿಷಿನಲ್ಲಿ, ನನ್ನೊಡನೆ ಮಾತ್ರ ಪುಸ್ತಕದಂಥ ಕನ್ನಡ. ಬಾಯಿ ತೆರೆದು ಪ್ರಶ್ನೆ ಕೇಳಬಹುದೆಂದು ನನಗೆ ಕಲಿಸಿದವರು ಅವರೇ. ಇದನ್ನೂ ಬರೆಯಲೇಬೇಕು, ಯಾಕೆಂದರೆ ನನ್ನ ಸಿಟ್ಟಿನ ಅರ್ಧ ಭಾಗ ಇದರಿಂದಲೇ ಬಂದದ್ದು.

ಒಂದು ದಿನ ಅವರು ಹುಳಿಹಿಟ್ಟಿನ ಸಾಮತಿ, ಅಂದರೆ ಯೇಸು ಹೋಲಿಕೆಯಾಗಿ ಹೇಳಿದ ಕತೆ, ಪಾಠ ಮಾಡಿದರು. ಒಬ್ಬ ಹೆಂಗಸು ಹುಳಿಹಿಟ್ಟನ್ನು ಮೂರು ಅಳತೆ ಹಿಟ್ಟಿನಲ್ಲಿ ಅಡಗಿಸಿಟ್ಟಳು, ಹಿಟ್ಟೆಲ್ಲ ಉಬ್ಬಿತು, ದೇವರ ರಾಜ್ಯ ಹಾಗೆ. ಸಾಮತಿ ಅಷ್ಟೇ. ಮೂರು ಅಳತೆ ಅಂದರೆ ನೂರು ಮಂದಿಗೂ ಮಿಕ್ಕಿ ಸಾಲುವಷ್ಟು ಎಂದು ಅವರು ಹೇಳಿದರು, ಬ್ರದರುಗಳು ಬರೆದುಕೊಂಡರು. ನಾನು ಬರೆಯಲಿಲ್ಲ. ನನ್ನ ಭುಜ ನೋಯಿತು. ಕಾನ್ವೆಂಟಿನಲ್ಲಿ ಕಲಿತ ಚಟದಿಂದ ನಾನು ಮನೆಯಲ್ಲಿ ಬ್ರೆಡ್ ಮಾಡುತ್ತೇನೆ, ಒಂದು ಕಿಲೋ ನಾದಿದರೆ ಏನಾಗುತ್ತದೆಂದು ಗೊತ್ತು.

"ಫಾದರ್, ಇಷ್ಟನ್ನು ನಾದಿದವರು ಯಾರು?" ಎಂದು ಕೇಳಿಬಿಟ್ಟೆ.

ಹುಡುಗರು ತಿರುಗಿ ನೋಡಿದರು. ಫಾದರ್ ಮುಖ ಅರಳಿತು. "ಬರೆದು ತನ್ನಿ ಅಮ್ಮಾ. ಪ್ರಬೋಧನೆಯ ರೂಪದಲ್ಲೇ ಬರೆಯಿರಿ."

ಪ್ರಬೋಧನೆ ಅಂದರೆ ಪೂಜೆಯಲ್ಲಿ ಶುಭಸಂದೇಶ ಓದಿದ ಮೇಲೆ ಗುರುಗಳು ಕೊಡುವ ಉಪದೇಶ. ಬ್ರದರುಗಳಿಗೆ ಅದರ ಅಭ್ಯಾಸಕ್ಕೆಂದೇ ಶುಕ್ರವಾರದ ತರಗತಿ. ಒಬ್ಬ ಏಳು ನಿಮಿಷ ಮಾತಾಡಬೇಕು, ಇನ್ನೊಬ್ಬ ಗಡಿಯಾರ ನೋಡಿ ಗಂಟೆ ಬಾರಿಸಬೇಕು, ಉಳಿದವರು ಧ್ವನಿ, ಸಮಯ, ಕಣ್ಣೋಟ, ವಿಷಯ ಎಂದು ನಾಲ್ಕು ಸಾಲಿನ ಹಾಳೆ ತುಂಬಬೇಕು.

ನಾನು ಆ ಶನಿವಾರ ಐದು ಕಿಲೋ ಹಿಟ್ಟು ಕಲಸಿ ನೋಡಿದೆ. ಎರಡು ಸಲ ಕೂತು ಸುಧಾರಿಸಿಕೊಂಡೆ. ಅತ್ತೆ ಬಾಗಿಲಲ್ಲಿ ನಿಂತು, "ಯಾರ ಮದವಿಗಿದು?" ಎಂದರು. ಆಮೇಲೆ ಬರೆದೆ. ನನ್ನ ಹಿಟ್ಟಿನ ಡಬ್ಬಿ ಹತ್ತು ಕಿಲೋದ್ದು, ಆ ಹೆಂಗಸಿಗೆ ಅಂಥ ಎರಡು ಡಬ್ಬಿಯೂ ಸಾಲದು. ನಾದುವ ಮೊದಲು ನಾನು ಉಂಗುರ ತೆಗೆದು ಉಪ್ಪಿನ ಡಬ್ಬಿಯಲ್ಲಿಡುತ್ತೇನೆ, ಅವಳು ಎಲ್ಲಿಟ್ಟಳೋ. ಅಡಗಿಸಿಟ್ಟಳು ಮತ್ತು ಉಬ್ಬಿತು, ಈ ಎರಡರ ನಡುವೆ ಅವಳ ಎರಡು ಭುಜಗಳಿವೆ, ಅವನ್ನು ಯಾರೂ ಬರೆದಿಲ್ಲ. ಹೀಗೆ ಇಂಗ್ಲಿಷಿನಲ್ಲಿ ಮೂರು ಪುಟ.

"ಶುಕ್ರವಾರ ತರಗತಿಯಲ್ಲಿ ನಾನೇ ಓದಲೇ ಫಾದರ್?" ಎಂದು ಕೇಳಿದೆ. ಪೂಜೆಯಲ್ಲಿ ಹೆಂಗಸರು ಪ್ರಬೋಧನೆ ಕೊಡುವ ಹಾಗಿಲ್ಲವೆಂದು ನನಗೆ ಗೊತ್ತಿತ್ತು. ಕೇಳಿದ್ದು ತರಗತಿಯಲ್ಲಿ, ಬರೀ ಏಳು ನಿಮಿಷ.

"ನೋಡುವ," ಎಂದು ಹಾಳೆ ತೆಗೆದುಕೊಂಡರು. ಕೆಂಪು ಪೆನ್ನಿನಲ್ಲಿ ಒಂದೇ ಒಂದು ಅಲ್ಪವಿರಾಮ ತಿದ್ದಿದರು. ಮುಂದಿನ ವಾರ ಕೇಳಿದೆ, ನೋಡುವ. ಅದರ ಮುಂದಿನ ವಾರ, "ನಿಮಗೆ ಅದರ ಅಗತ್ಯ ಇಲ್ಲವಲ್ಲಾ ಅಮ್ಮಾ, ಅಭ್ಯಾಸ ಮಾಡಬೇಕಾದವರು ಹುಡುಗರು." ಹಾಳೆ ಮಾತ್ರ ಅವರ ಮೇಜಿನಲ್ಲೇ ಉಳಿಯಿತು.

ಅಷ್ಟರಲ್ಲಿ ಅತ್ತೆಯ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹತ್ತು ದಿನ ನಾನು ಕ್ಲಾಸಿಗೆ ಹೋಗಲಿಲ್ಲ.

ನಮ್ಮ ಚರ್ಚಿನಲ್ಲಿ ತಿಂಗಳಿಗೊಮ್ಮೆ ಕನ್ನಡ ಪೂಜೆ. ಕಾರ್ಖಾನೆಯ ಕ್ವಾರ್ಟರ್ಸಿನವರು ಮುಂದೆ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಹಿಂದೆ ನಿಲ್ಲುತ್ತಾರೆ. ಆ ಭಾನುವಾರ ಸೆಮಿನರಿಯಿಂದ ಒಬ್ಬ ಬ್ರದರ್ ಬಂದಿದ್ದ. ಆ ವರ್ಷ ಡೀಕನ್ ಆಗಿದ್ದ, ಅಂದರೆ ಪಾದ್ರಿಯಾಗಲು ಒಂದೇ ಮೆಟ್ಟಿಲು ಬಾಕಿ, ಪ್ರಬೋಧನೆ ಕೊಡಬಹುದು. ರಾಯಚೂರು ಕಡೆಯ ಹುಡುಗ, ಅತ್ತೆಗೆ ಅವನ ಮನೆಯವರ ಗುರುತಿತ್ತು. ಅವನ ಪ್ರಬಂಧಗಳನ್ನೆಲ್ಲ ತಿದ್ದಿದವಳು ನಾನೇ. ಅವನನ್ನು ಕಂಡು ಖುಷಿಯಾಯಿತು, ನಿಜ ಹೇಳುತ್ತೇನೆ.

ಅವನು ಶುರು ಮಾಡಿದ: "ನಮ್ಮವ್ವನ ಹಿಟ್ಟಿನ ಡಬ್ಬಿ ಹತ್ತು ಕಿಲೋದ್ದು."

ನನ್ನ ಕೈಯಲ್ಲಿದ್ದ ಹಾಡಿನ ಪುಸ್ತಕದ ಮೂಲೆ ಮಡಚಿತ್ತು. ಅದನ್ನು ಉಗುರಿನಿಂದ ನೇರ ಮಾಡುತ್ತಾ ಕೂತೆ. ಎರಡು ಡಬ್ಬಿ ಬಂತು. ಭುಜ ಬಂತು. "ನಮ್ಮವ್ವ ಹಿಟ್ಟು ನಾದೂ ಮುಂದ ಉಂಗುರ ತಗದು ಉಪ್ಪಿನ ಡಬ್ಬ್ಯಾಗ ಇಡತಾಳ..." ಹಿಂದೆ ನಿಂತ ಹೆಂಗಸರು ಲೊಚಗುಟ್ಟಿದರು, ಒಬ್ಬಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನ್ನ ಇಂಗ್ಲಿಷನ್ನು ಅವನು ಎಷ್ಟು ಚೆಂದದ ಕನ್ನಡಕ್ಕೆ ತಂದಿದ್ದನೆಂದರೆ ನಾನೂ ಮೈಮರೆತು ಕೇಳಿದೆ. ಅದಕ್ಕೇ ಇನ್ನೂ ಸಿಟ್ಟು ಬಂತು.

ಅತ್ತೆ ಕಪ್ಪು ಕನ್ನಡಕದಲ್ಲಿ ನೇರ ಕೂತಿದ್ದರು. ನನ್ನ ಕಡೆ ಬಾಗಿ, ಪಿಸುಮಾತು ಎಂದುಕೊಂಡು ಗಟ್ಟಿಯಾಗಿಯೇ ಹೇಳಿದರು: "ಇವನವ್ವ ಯಾವಾಗ ಹುಳಿಹಿಟ್ಟು ಹಾಕಿದ್ಳು? ಅವ್ರ ಮನ್ಯಾಗ ಜ್ವಾಳದ ರೊಟ್ಟಿ ಬಿಟ್ರ ಏನೈತಿ? ಉಂಗುರ ಉಪ್ಪಿನ ಡಬ್ಬ್ಯಾಗ ಇಡೋ ಚಾಳಿ ನಿಂದು."

"ಸುಮ್ನಿರ್ರಿ ಅತ್ತಿ."

"ಯಾಕ ಸುಮ್ನಿರಲಿ? ಕಣ್ಣಿಗಷ್ಟ ಆಪರೇಷನ್ ಆಗೇತಿ, ಕಿವಿ ನೆಟ್ಟಗ ಅದಾವ."

ಪೂಜೆ ಮುಗಿದ ಮೇಲೆ ಜನ ಅವನ ಕೈ ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ನನ್ನನ್ನು ಕಂಡ ಕೂಡಲೇ ಅವನ ಕಿವಿ ಕೆಂಪಾಯಿತು. "ಅಕ್ಕಾರ... ಫಾದರ್ ಕೊಟ್ರು. ವಿಷಯ ಹೊಳೀವಲ್ದಾಗಿತ್ತು ನಂಗ. ಇದನ್ನ ತಗೊ ಅಂದ್ರು. ಶುಕ್ರವಾರ ಕ್ಲಾಸಿನ್ಯಾಗ ಹೇಳಿದೆ, ಎಲ್ಲಾರೂ ಭಾಳ ಮೆಚ್ಚಿದ್ರು."

"ಯಾರದು ಅಂತ ಗೊತ್ತಿರಲಿಲ್ಲೇನ?"

ಅವನು ನೆಲ ನೋಡಿದ. "ನಿಮ್ಮ ಅಕ್ಷರ ನಂಗ ಗೊತ್ತೈತ್ರಿ ಅಕ್ಕಾರ."

ಸೋಮವಾರ ಎರಡು ಬಸ್ಸಿನಲ್ಲೂ ನಿಂತೇ ಹೋದೆ. ಫಾದರ್ ಕೋಣೆಯ ಬಾಗಿಲು ಸದ್ದಾಗದಂತೆ ಮುಚ್ಚಿದ್ದು ನೆನಪಿದೆ. ಅಷ್ಟು ಸಿಟ್ಟಿನಲ್ಲೂ ಕೈ ಕಲಿತದ್ದನ್ನೇ ಮಾಡಿತಲ್ಲ ಎಂದು ಕೈಯ ಮೇಲೂ ಸಿಟ್ಟು ಬಂತು.

ಅವರು ಅಡಗಿಸಲಿಲ್ಲ. "ಹೌದಮ್ಮಾ, ನಾನೇ ಕೊಟ್ಟದ್ದು. ಈ ವರ್ಷ ಇಬ್ಬರು ಹುಡುಗರು ಬಿಟ್ಟು ಹೋದರು, ಗೊತ್ತುಂಟಲ್ಲ? ಇಬ್ಬರೂ ಬೇಗಂಪೇಟೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ. ಇವನೂ ಸೋತಿದ್ದ. ನನಗೆ ಬಾಯಿಯೇ ಬರುವುದಿಲ್ಲ, ಪಾದ್ರಿಯಾಗಿ ಏನು ಮಾಡಲಿ ಅಂತ ಅತ್ತ. ನಿಮ್ಮ ಮೂರು ಪುಟ ಅವನನ್ನು ಉಳಿಸಿತು."

"ಒಳ್ಳೇದಾಯ್ತು ಫಾದರ್. ಆದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು."

"ಧರ್ಮಸಭೆಯಲ್ಲಿ ನನ್ನದು, ನಿನ್ನದು ಉಂಟೇ? ನೀವೇ ಬರೆದಿದ್ದೀರಲ್ಲ," ಅವರು ಮುಗುಳ್ನಕ್ಕರು. "ಹುಳಿಹಿಟ್ಟು ಬೆರೆತ ಮೇಲೆ ಕಾಣಬಾರದು. ಅದೇ ಅದರ ಗುಣ."

ಹತ್ತು ಎಣಿಸಲು ಹೋದೆ. ನಾಲ್ಕಕ್ಕೇ ನಿಂತಿತು. ನನ್ನ ಸಾಮತಿಯಿಂದಲೇ ನನ್ನ ಬಾಯಿಗೆ ಮುಚ್ಚಳ! ಎರಡು ವರ್ಷ ಇವರ ಹುಡುಗರ ವಾಕ್ಯಗಳನ್ನು ನೆಟ್ಟಗೆ ಮಾಡಿದ್ದೆ, ಮೂಲೆಯ ಬೆಂಚಿನಲ್ಲಿ ಕೆಮ್ಮು ಬಂದರೂ ತಡೆದುಕೊಂಡು ಕೂತಿದ್ದೆ.

"ಫಾದರ್, ನಾನು ಹುಳಿಹಿಟ್ಟಲ್ಲ," ಎಂದೆ. "ನಾನು ನಾದಿದವಳು. ಮೂರು ಪುಟದಲ್ಲಿ ಇದ್ದದ್ದು ಅದೊಂದೇ ಮಾತು. ತಾವು ಅಲ್ಪವಿರಾಮ ತಿದ್ದಿದಿರಿ, ಅದನ್ನು ಓದಲಿಲ್ಲ."

ಅವರ ಮುಗುಳ್ನಗೆ ಅಲ್ಲೇ ನಿಂತಿತು, ಆದರೆ ಆ ನಗೆಯೊಳಗೆ ಅವರಿರಲಿಲ್ಲ. ನನ್ನ ಧ್ವನಿ ಏರಿತ್ತು. ಹೊರಗೆ ವರಾಂಡದಲ್ಲಿ ಯಾರದೋ ಚಪ್ಪಲಿ ಸದ್ದು ನಿಂತಿತು.

"ಏನು ಬೇಕು ನಿಮಗೆ?"

"ಏಳು ನಿಮಿಷ. ಈ ಶುಕ್ರವಾರ."

ಸೀಮೆಸುಣ್ಣದ ತೋಳು ಕೊಡವಿಕೊಂಡು, ಕೊನೆಗೆ ಆಗಲಿ ಎಂದು ತಲೆಯಾಡಿಸಿದರು.

ಶುಕ್ರವಾರ ಹಾಳೆ ಹಿಡಿದು ಹನ್ನೊಂದು ಹುಡುಗರು ಕೂತಿದ್ದರು. ಗಂಟೆಯ ಮುಂದೆ ಸರದಿಯಂತೆ ಆ ಡೀಕನ್ ಹುಡುಗನೇ ಇದ್ದ. ಎರಡು ವರ್ಷದಲ್ಲಿ ಮೊದಲ ಸಲ ನಾನು ಕೊನೆಯ ಬೆಂಚಿನಿಂದ ಮುಂದಕ್ಕೆ ನಡೆದೆ. ಮರದ ಓದುಪೀಠ ನನಗೆ ಎತ್ತರ, ಗಲ್ಲದ ಮಟ್ಟಕ್ಕೆ ಬಂತು. ಹೆಂಗಸರಿಗೆಂದು ಮಾಡಿದ್ದಲ್ಲವಲ್ಲ.

"ನನ್ನ ಹಿಟ್ಟಿನ ಡಬ್ಬಿ ಹತ್ತು ಕಿಲೋದ್ದು," ಎಂದೆ.

ಹಿಂದಿನಿಂದ ಒಬ್ಬ, "ರಿಪೀಟ್ ಟೆಲಿಕಾಸ್ಟ್!" ಎಂದ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಪಾಪ ಆಂಟಿ, ಬ್ರದರ್ ಹೇಳಿದ್ದನ್ನೇ ಹೇಳಲು ಹೊರಟಿದ್ದಾರೆ ಎಂಬ ಕನಿಕರದ ನಗು. ನನ್ನ ಡಬ್ಬಿ, ನನ್ನ ಉಂಗುರ, ನನ್ನ ಭುಜ, ಎಲ್ಲವೂ ಈಗ ಅವನ ನಕಲು! ಫಾದರ್ ಕಿಟಕಿಯಾಚೆ ನೋಡುತ್ತಿದ್ದರು. ಒಂದು ಮಾತು ಅವರ ಬಾಯಿಂದ ಬಂದಿದ್ದರೆ ಸಾಕಿತ್ತು. ಬರಲಿಲ್ಲ.

ನಾನು ಹಾಳೆ ಕೆಳಗಿಟ್ಟೆ. ಗಂಟೆಯ ಮುಂದೆ ಕೂತವನನ್ನು ನೋಡಿದೆ. ನೋಡುತ್ತಲೇ ನಿಂತೆ. ನಗು ಕಡಿಮೆಯಾಯಿತು, ನಿಂತಿತು, ಯಾರೋ ಕುರ್ಚಿ ಸರಿಸಿದರು. ಗಡಿಯಾರದಲ್ಲಿ ನಿಮಿಷಗಳು ಒಂದೊಂದಾಗಿ ಸರಿದವು.

ಅವನು ಎದ್ದ. ಇಂಗ್ಲಿಷಿನಲ್ಲಿ, ನಾನು ತಿದ್ದಬೇಕಾಗದಂಥ ವಾಕ್ಯಗಳಲ್ಲಿ ಹೇಳಿದ: "ಇದು ಇವರದು. ಇವರು ಬರೆದದ್ದು. ನಮ್ಮವ್ವ ಜೋಳದ ರೊಟ್ಟಿ ಮಾಡುತ್ತಾಳೆ. ಅವಳ ಕೈಯಲ್ಲಿ ಉಂಗುರವೇ ಇಲ್ಲ."

ಫಾದರ್ ಗಡಿಯಾರದ ಕಡೆ ತಿರುಗಿದರು. "ಏಳು ನಿಮಿಷ ಆಯಿತಮ್ಮಾ."

"ಅದು ಬ್ರದರ್ ಅವರ ಸಮಯ ಫಾದರ್. ನನ್ನದು ಈಗ ಶುರು," ಎಂದು ಹಾಳೆ ಎತ್ತಿಕೊಂಡೆ. ಮೊದಲ ಸಾಲಿನಿಂದ ಮತ್ತೆ ಓದಿದೆ. ಅವನು ಗಂಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಬಾರಿಸಲಿಲ್ಲ.

ಮನೆಗೆ ಬಂದಾಗ ಅತ್ತೆ ಕಪ್ಪು ಕನ್ನಡಕ ಹಣೆಗೇರಿಸಿ ಕೇಳಿದರು, "ಹೇಳಿದೇನ?"

"ಹೇಳಿದೆ ಅತ್ತಿ."

"ಜ್ವಾಳದ ರೊಟ್ಟಿ ಮಾತು?"

"ಅದನ್ನ ಅವನ ಹೇಳಿದ."

"ಹಂಗಾರ ಪಾದ್ರಿ ಆಗಾಕ ಅಡ್ಡಿಯಿಲ್ಲ ಬಿಡು," ಎಂದು ಕನ್ನಡಕ ಇಳಿಸಿಕೊಂಡರು.

ಅವನು ಪಾದ್ರಿಯಾದ. ಚೆನ್ನಾಗಿ ಮಾತಾಡುತ್ತಾನಂತೆ. ಅವನ ಮೇಲೆ ನನಗೆ ಏನೂ ಇಲ್ಲ. ಆ ಶುಕ್ರವಾರದ ಹನ್ನೆರಡು ಹಾಳೆಗಳು ನನ್ನ ಹತ್ತಿರವಿವೆ, ಹುಡುಗರದು ಹನ್ನೊಂದು, ಫಾದರ್ ಅವರ ಕೆಂಪು ಪೆನ್ನಿನದು ಒಂದು. ಫಾದರ್ ಹಾಳೆಯಲ್ಲಿ ಹೀಗಿದೆ. ಧ್ವನಿ: ಸ್ಪಷ್ಟ. ಸಮಯ: ಮೀರಿದೆ. ಕಣ್ಣೋಟ: ಅಗತ್ಯಕ್ಕಿಂತ ಹೆಚ್ಚು. ವಿಷಯ ಎಂಬ ಸಾಲಿನ ಮುಂದೆ ಖಾಲಿ ಬಿಟ್ಟಿದ್ದಾರೆ. ಮೂರು ಪುಟ ಓದಿ ತಿದ್ದಿದವರು, ಅದರ ಬೆಲೆ ಗೊತ್ತಿದ್ದೇ ಇನ್ನೊಬ್ಬನ ಕೈಗೆ ಕೊಟ್ಟವರು. ಹಿಟ್ಟು ನಾದುವ ದಿನ ಆ ಖಾಲಿ ಸಾಲು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ದಿನದ ಹಿಟ್ಟು ಮಾತ್ರ ಬಹಳ ಮೆತ್ತಗೆ ಬರುತ್ತದೆ.