ಏಳನೇ ನಂಬರು ಯಾರದು

ಕೇಳಿಸಿಕೊಳ್ಳುವ ಕೆಲಸಕ್ಕೆ ಹೆಂಡತಿ ಅರ್ಜಿ ಹಾಕಿದ್ದಾಳೆಂದು ಗೊತ್ತಾದ ದಿನ ಅವಳ ಗಂಡ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನಕ್ಕಿದ್ದ. ಪಂಪು ರಿಪೇರಿ ಅವನ ಕಸುಬು.

"ನೀನಾ? ಕೇಳಿಸ್ಕೊಳ್ಳೋಕಾ? ಪಂಪು ನೀರು ಕುಡಿಯೋಕೆ ಹೊರಟ ಹಾಗಾಯ್ತಲ್ಲೇ!"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಊರಿಗೆಲ್ಲ ಅವಳು ಮಾತಿನಮಲ್ಲಿ. ಒಂಬತ್ತು ವರ್ಷ ಕೋಳಿ ಫಾರಂನ ಕತ್ತಲೆ ಕೋಣೆಯಲ್ಲಿ ಕೂತು ಮೊಟ್ಟೆ ನೋಡಿದವಳು. ತಗಡಿನ ಡಬ್ಬಿಯೊಳಗೆ ಬಲ್ಬು, ಡಬ್ಬಿಗೊಂದು ದುಂಡನೆಯ ತೂತು. ಆ ತೂತಿನ ಮುಂದೆ ಮೊಟ್ಟೆ ಹಿಡಿದು ತಿರುಗಿಸಿ, ಒಳಗೆ ರಕ್ತದ ಚುಕ್ಕೆ ಇದೆಯೋ, ಸಿಪ್ಪೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆಯೋ ನೋಡಿ ಟ್ರೇಗೆ ಹಾಕಬೇಕು. ಕಣ್ಣಿಗೆ ಬೆಳಕು, ಬಾಯಿಗೆ ಬಿಡುವು. ಹಾಗಾಗಿ ಒಂಬತ್ತು ವರ್ಷವೂ ಮಾತಾಡುತ್ತಲೇ ಕಳೆದಳು. ಕೊನೆಗೆ ಕಣ್ಣು ಕೈಕೊಟ್ಟಿತು. ಅದೇ ಹೊತ್ತಿಗೆ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಸಮುದಾಯ ಶಿಕ್ಷಕಿ ಬೇಕೆಂಬ ಚೀಟಿ ಅಂಟಿಸಿದ್ದರು. ಮನೆಮನೆಗೆ ಹೋಗಿ ಮನಸ್ಸಿನ ಕಷ್ಟಗಳ ಬಗ್ಗೆ, ಕುಡಿತದ ಬಗ್ಗೆ, ಹೇಳದೆ ಕೇಳದೆ ಮಾತ್ರೆ ನುಂಗುವುದರ ಬಗ್ಗೆ ತಿಳಿಹೇಳುವ ಕೆಲಸ. ಹನ್ನೆರಡು ದಿನದ ತರಬೇತಿಯಲ್ಲಿ ಅವಳ ತಲೆಗೆ ಇಳಿದದ್ದು ಮೂರೇ ಮಾತು: ಬುದ್ಧಿವಾದ ಹೇಳಬೇಡ, ಕೇಳಿದ್ದನ್ನು ಜೀವಕ್ಕೆ ಅಪಾಯವಿಲ್ಲದ ಹೊರತು ಇನ್ನೊಬ್ಬರಿಗೆ ದಾಟಿಸಬೇಡ, ಸಾಯುವ ಯೋಚನೆಯ ಬಗ್ಗೆ ಅನುಮಾನ ಬಂದರೆ ಸುತ್ತಿಬಳಸದೆ ನೇರ ಕೇಳು.

ನೇರ ಕೇಳುವುದೊಂದು ಅವಳಿಗೆ ಮೊದಲಿಂದಲೇ ಬರುತ್ತಿತ್ತು. ಆರು ತಿಂಗಳಲ್ಲಿ ಊರವರು ಅವಳಿಗೆ ಪ್ರಶ್ನೆಅಕ್ಕ ಎಂದು ಹೆಸರಿಟ್ಟರು. ಗಂಡಸರು ದೂರದಿಂದಲೇ ಅವಳನ್ನು ಕಂಡು, "ಪ್ರಶ್ನೆಅಕ್ಕ ಬಂದ್ಲು, ಗ್ಲಾಸು ಒಳಗಿಡ್ರೋ" ಎಂದು ಕೂಗುತ್ತಿದ್ದರು. ಅದಕ್ಕೂ ಅವಳು ನಗುತ್ತಿದ್ದಳು.

ಮಂಗಳವಾರ ಅವಳು ತನ್ನ ಹಳೆಯ ಕೋಣೆಯ ಹನ್ನೊಂದು ಹೆಂಗಸರಿಗೆ ಪ್ರಶ್ನೆಪತ್ರ ಹಂಚಿದಳು. ಒಂಬತ್ತು ಪ್ರಶ್ನೆ. ಹೌದಾದರೆ ರೈಟು, ಇಲ್ಲವಾದರೆ ಇಂಟು. ಓದು ಬಾರದವರಿಗೆ ಅವಳೇ ಗಟ್ಟಿಯಾಗಿ ಓದಿದಳು. ಹಾಳೆಯ ಮೇಲೆ ಯಾರ ಹೆಸರೂ ಇರಕೂಡದು, ನಂಬರು ಮಾತ್ರ. ಯಾವ ನಂಬರು ಯಾರದೆಂದು ಬೇರೆ ಪುಸ್ತಕದಲ್ಲಿ ಬರೆದು ಬೀಗ ಹಾಕಿಡಬೇಕು. ಅಷ್ಟರಲ್ಲಿ ಅತ್ತೆಯ ಫೋನು ಬಂತು: "ಮಗೂಗೆ ಮೈ ಕೆಂಡದ ಹಾಗೆ ಸುಡ್ತಿದೆ, ಎಲ್ಲಿದ್ದೀಯೇ?" ನಾಲ್ಕು ವರ್ಷದ ಮಗಳು. ಆಮೇಲೆ ಮತ್ತೆ ಯಾವ ಪುಸ್ತಕ, ಯಾವ ನಂಬರು? ಹಾಳೆಗಳನ್ನು ಬಾಚಿ ಚೀಲಕ್ಕೆ ತುರುಕಿಕೊಂಡು ಓಡಿದಳು.

ಸಂಜೆ ಜ್ವರ ಇಳಿಯಿತು. ಮಗಳ ಹಣೆ ಮುಟ್ಟಿ ಮುಟ್ಟಿ ನೋಡುತ್ತ, ಇನ್ನೊಂದು ಕೈಯಲ್ಲಿ ಹಾಳೆ ತಿರುವುತ್ತಿದ್ದವಳು ಒಂದು ಹಾಳೆಗೆ ಬಂದು ನಿಲ್ಲಿಸಿದಳು. ಏಳನೇ ನಂಬರಿನ ಹಾಳೆಯಲ್ಲಿ ಎಂಟು ಪ್ರಶ್ನೆಗೂ ಇಂಟು. ನಿದ್ದೆ ಚೆನ್ನಾಗಿದೆ, ಹಸಿವು ಚೆನ್ನಾಗಿದೆ, ಮಾತ್ರೆಯ ಚಟವಿಲ್ಲ, ಕೂತಲ್ಲಿ ಅಳುವುದಿಲ್ಲ. ಒಂಬತ್ತನೆಯದು: 'ಬದುಕಿರುವುದೇ ಬೇಡ ಎಂದು ಈಚೆಗೆ ಅನ್ನಿಸಿದೆಯೇ?' ಅಲ್ಲಿ ಮಾತ್ರ ಒಂದು ರೈಟು. ಅದೂ ದಪ್ಪಗೆ, ಹಾಳೆ ಹರಿಯುವಷ್ಟು ಒತ್ತಿ.

ಮೇಲ್ವಿಚಾರಕಿಗೆ ಫೋನು ಮಾಡಿದಳು.

"ಏಳು ಯಾರು?" ಎಂದರು ಮೇಡಂ.

"ಗೊತ್ತಿಲ್ಲ ಮೇಡಂ."

"ಗೊತ್ತಿಲ್ಲ ಅಂದ್ರೆ?"

"ಬರ್ಕೊಳ್ಳೋಕಾಗ್ಲಿಲ್ಲ. ಮಗೂಗೆ ಹುಷಾರಿರ್ಲಿಲ್ಲ."

"ಗುರುವಾರ ಡಾಕ್ಟರು ಕೇಂದ್ರಕ್ಕೆ ಬರ್ತಾರೆ. ನಾಳೆ ಒಳಗೆ ಅವರನ್ನ ಹುಡುಕಿ, ಕರ್ಕೊಂಡು ಬರೋಕೆ ಗಾಡಿ ಕಳಿಸ್ತೀನಿ. ಇಂಥದ್ದನ್ನ ಕಾಯಿಸೋ ಹಾಗಿಲ್ಲ, ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟವಾಗಿತ್ತು. ಹನ್ನೊಂದು ಮುಖಗಳೂ ಕಣ್ಣಮುಂದೆ ಸುತ್ತಿದವು. ಯಾವ ಮುಖ ಹಿಡಿದು ನೋಡಿದರೂ ನಗುತ್ತಿತ್ತು. ಬೆಳಗಾಗುವಷ್ಟರಲ್ಲಿ ಅವರಲ್ಲೊಬ್ಬಳು ಇಲ್ಲವಾದರೆ? ತನ್ನ ಮಗಳ ಜ್ವರ ನೂರರ ಮೇಲೆ ಎಷ್ಟಿತ್ತೆಂದು ದಶಾಂಶದ ಸಮೇತ ನೆನಪಿದೆ, ಹಾಳೆ ಯಾರ ಕೈಗೆ ಕೊಟ್ಟೆನೆಂದು ನೆನಪಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಬೆಳಿಗ್ಗೆ ಗಂಡ ಭುಜ ಅಲ್ಲಾಡಿಸಿ, "ಏಳು, ಏಳು" ಎಂದ.

ಅವಳು ದಡಕ್ಕನೆ ಎದ್ದು ಕೂತಳು. "ಏಳು ಯಾರು? ನಿಮಗೆ ಹೇಗೆ ಗೊತ್ತು?"

"ಏನೇ ಅದು? ಹೊತ್ತಾಯ್ತು ಏಳು ಅಂದೆ, ಅಷ್ಟೇ. ತಲೆಗೂ ಜ್ವರ ಬಂತಾ?"

ಮಗಳ ಮೈ ತಣ್ಣಗಿತ್ತು. ಆದರೂ ಎರಡು ಸಲ ಬಾಗಿಲ ತನಕ ಹೋಗಿ ವಾಪಸು ಬಂದು, ಹಣೆ ಮುಟ್ಟಿ ನೋಡಿಯೇ ಹೊರಟಳು.

ಫಾರಂ ತಲುಪಿದಾಗ ಹೆಂಗಸರು ಕೈತೊಳೆದು ಒಳಗೆ ಹೋಗುವ ಹೊತ್ತು. ದಾರಿಯುದ್ದಕ್ಕೂ ಹೆಣೆದಿಟ್ಟುಕೊಂಡಿದ್ದ ಉಪಾಯವನ್ನು ಅವಳು ಬಿಚ್ಚಿದಳು. "ನಿನ್ನೆ ಯಾರ್‍ಯಾರಿಗೆ ಯಾವ ನಂಬರು ಬಂದಿತ್ತು? ಏನಿಲ್ಲ, ಸುಮ್ನೆ ಕೇಳ್ದೆ."

ಪ್ರಶ್ನೆಅಕ್ಕ ಸುಮ್ಮನೆ ಕೇಳುವವಳಲ್ಲ ಎಂಬುದು ಎಲ್ಲರಿಗೂ ಗೊತ್ತು. ತೊಳೆಯುವ ತೊಟ್ಟಿಯ ಹತ್ತಿರ ಗುಸುಗುಸು ಎದ್ದಿತು.

"ನಂದು ಮೂರು ಇರ್ಬೇಕು."

"ಮೂರು ನಂದು ಕಣೇ."

"ಯಾಕೆ, ಬಹುಮಾನ ಏನಾದ್ರೂ ಬಂತಾ?" ಎಂದಳು ಒಬ್ಬಳು ಕುಳ್ಳಿ. ಅವಳು ಬಾಯಿ ತೆರೆದರೆ ಆಕಾಶವಾಣಿ.

"ಬಹುಮಾನ ಅಲ್ಲ. ಏಳನೇ ನಂಬರಿನವರ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು" ಎಂದುಬಿಟ್ಟಳು ಇವಳು. ನಾಲಿಗೆ ಕಚ್ಚಿಕೊಳ್ಳುವ ಹೊತ್ತಿಗೆ ಮಾತು ಹೊರಗೆ ಬಿದ್ದಾಗಿತ್ತು.

"ನೋಡಿದ್ರಾ! ಏಳಕ್ಕೆ ಹೊಡೀತು!" ಎಂದು ಕುಳ್ಳಿ ಕೂಗಿದಳು. "ಅಕ್ಕಾ, ಏಳು ನಂದೇ. ನನ್ನ ಮಗ ಹುಟ್ಟಿದ ತಾರೀಕು, ಮರೀತೀನಾ?"

"ಹೋಗೇ, ನೀನು ಕೂತಿದ್ದು ಕಿಟಕಿ ಪಕ್ಕ. ಏಳು ಬಂದಿದ್ದು ಬಾಗಿಲ ಪಕ್ಕ ಇದ್ದ ನನಗೆ."

ಎರಡು ನಿಮಿಷದಲ್ಲಿ ನಾಲ್ಕು ಜನ ಏಳನೇ ನಂಬರಿನವರಾದರು. ಬಹುಮಾನ ಪ್ಲಾಸ್ಟಿಕ್ ಬಕೆಟ್ಟೋ ಗೋಡೆ ಗಡಿಯಾರವೋ ಎಂಬುದೂ ಚರ್ಚೆಗೆ ಬಂತು. ಅವಳು ಕಕ್ಕಾಬಿಕ್ಕಿಯಾಗಿ ನಿಂತಳು. ಸಾವಿನ ಚೀಟಿ ಹಿಡಿದು ಬಂದವಳ ಎದುರು ಲಾಟರಿ ಎದ್ದಂತೆ ಗದ್ದಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ನಾಲ್ವರಲ್ಲಿ ಒಬ್ಬಳು ನಿಜವಾಗಿ ಅವಳೇ ಆಗಿದ್ದು, ಬಕೆಟ್ಟಿನ ಮರೆಯಲ್ಲಿ ನಿಂತು ತನ್ನನ್ನು ಗುರುತಿಸಲಿ ಎಂದು ಕಾಯುತ್ತಿದ್ದರೆ?

ಉಪಾಯವನ್ನೆಲ್ಲ ಅಲ್ಲಿಗೇ ಬಿಟ್ಟಳು. ಉಳಿದದ್ದು ತರಬೇತಿಯ ಮೂರನೇ ಮಾತು, ನೇರ ಕೇಳು. ಫಾರಂನ ಯಜಮಾನರ ಹತ್ತಿರ ಹೋಗಿ, "ಇವತ್ತೊಂದು ದಿನ ಒಳಗೆ ಕೂರ್ತೀನಿ. ಕೈಯೂ ಆಡಿಸ್ತೀನಿ" ಎಂದಳು. ಪುಕ್ಕಟೆ ಕೈ ಯಾರಿಗೆ ಬೇಡ? ಅವರು ತಲೆಯಾಡಿಸಿದರು.

ಒಳಗೆ ಕತ್ತಲೆ. ಹನ್ನೊಂದು ಡಬ್ಬಿಗಳ ಹನ್ನೊಂದು ತೂತುಗಳಲ್ಲಿ ಹಳದಿ ಬೆಳಕು. ಹಳೆಯ ಫ್ಯಾನು ಗರಗರ ಸುತ್ತುತ್ತಿತ್ತು. ಪಕ್ಕದವಳಿಗೆ ಹೇಳಿದ ಮಾತು ಅದರಾಚೆಯವಳಿಗೆ ಕೇಳಿಸುವುದಿಲ್ಲ ಎಂದೇ ಅವಳು ಒಂಬತ್ತು ವರ್ಷ ನಂಬಿಕೊಂಡಿದ್ದಳು. ಒಬ್ಬೊಬ್ಬರ ಪಕ್ಕದಲ್ಲೂ ಸ್ಟೂಲು ಹಾಕಿಕೊಂಡು, ಎರಡು ಟ್ರೇ ಮುಗಿಸಿ, ಅದೇ ಪ್ರಶ್ನೆಯನ್ನು ಮೆಲ್ಲಗೆ ಕೇಳಿದಳು. ಕುಳ್ಳಿ, "ಥೂ, ಬಿಡ್ತು ಅನ್ನಿ ಅಕ್ಕಾ. ಸಾಯೋಕೆ ಪುರುಸೊತ್ತೆಲ್ಲಿದೆ!" ಎಂದಳು. ಇನ್ನೊಬ್ಬಳು, "ನನಗಿಲ್ಲ, ನಮ್ಮತ್ತೆಗೆ ಅನ್ನಿಸಿದ್ರೆ ಸಾಕಿತ್ತು" ಎಂದು ಕಿಸಕ್ಕೆಂದಳು. ಒಬ್ಬಳು ಸುಮ್ಮನೆ ಅವಳ ಕೈ ಒತ್ತಿ, "ಹೋದ ವರ್ಷ ಅನ್ನಿಸ್ತಿತ್ತು, ಈಗಿಲ್ಲ" ಎಂದಳು. ಊಟದ ಹೊತ್ತಿಗೆ ಒಂಬತ್ತು ಜನ ಮುಗಿದರು. ಒಂಬತ್ತೂ ಜನ ಇಲ್ಲವೆಂದರು.

ಉಳಿದವರು ಇಬ್ಬರು, ಅತ್ತಿಗೆ ಮತ್ತು ದೊಡ್ಡಮ್ಮ. ಅತ್ತಿಗೆ ಎಂದರೆ ಅವಳ ಸ್ವಂತ ಅಣ್ಣನ ಹೆಂಡತಿ. ಕೇಳುವುದನ್ನು ಬೇಕೆಂದೇ ಮುಂದೂಡಿದ್ದಳು. ಮನೆಯವರನ್ನು ಏನು ಕೇಳುವುದು, ವಾರಕ್ಕೆರಡು ಸಲ ಒಟ್ಟಿಗೆ ಊಟಕ್ಕೆ ಕೂರುವವರನ್ನು? ಆದರೂ ಸ್ಟೂಲು ಎಳೆದುಕೊಂಡಳು.

"ಅತ್ತಿಗೇ, ಎಲ್ಲರನ್ನೂ ಕೇಳಿದ ಹಾಗೆ ನಿಮ್ಮನ್ನೂ ಕೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ. ಬದುಕಿರೋದೇ ಬೇಡ ಅಂತ ಅನ್ನಿಸಿದೆಯಾ?"

ಅತ್ತಿಗೆ ಮೊಟ್ಟೆಯನ್ನು ಬೆಳಕಿನ ಮುಂದೆ ಒಂದು ಸುತ್ತು ತಿರುಗಿಸಿದಳು. "ಹೌದು" ಎಂದಳು, ಮೊಟ್ಟೆ ಟ್ರೇಗೆ ಹಾಕುತ್ತ. ಉಪ್ಪು ಸರಿಯಾಗಿದೆಯಾ ಎಂದರೆ ಹೇಳುವಂಥ ಹೌದು.

ಇವಳು ಕೈಯಲ್ಲಿದ್ದ ಮೊಟ್ಟೆ ಕೆಳಗಿಟ್ಟಳು. "ಹಾಗಾದ್ರೆ ಏಳು ನೀವೇನಾ?"

"ಅಲ್ಲ. ನಂದು ಎರಡು. ಎಲ್ಲದಕ್ಕೂ ಇಂಟು ಹಾಕಿದ್ದೆ."

"ಯಾಕೆ?"

"ಕಾಗದ ನಿನ್ನ ಕೈಗೆ ಬರುತ್ತಲ್ಲ. ನಾದಿನಿ ಓದೋ ಕಾಗದದಲ್ಲಿ ಏನಂತ ಹಾಕ್ಲಿ?"

ಫ್ಯಾನು ಸುತ್ತುತ್ತಲೇ ಇತ್ತು. ಹನ್ನೆರಡು ದಿನ ಕಲಿತದ್ದೆಲ್ಲ ಒಂದರ ಮೇಲೊಂದು ಬಿದ್ದು ಸಿಕ್ಕುಸಿಕ್ಕಾಯಿತು. ಈಗ ಮಾತಾಡಬೇಕಾದವಳು ಶಿಕ್ಷಕಿಯೋ, ನಾದಿನಿಯೋ? ಅಣ್ಣನಿಗೆ ಹೇಳಬೇಕೋ, ಬೇಡವೋ? ಮಾತಿನಮಲ್ಲಿಗೆ ಮೊದಲ ಸಲ ಮಾತು ಸಿಗಲಿಲ್ಲ. ಅದೇ ಒಳ್ಳೆಯದಾಯಿತೇನೋ. ಅತ್ತಿಗೆ ತಾನಾಗಿಯೇ ಹೇಳುತ್ತ ಹೋದಳು. ಈ ಬೆಳಕು ನೋಡಿ ನೋಡಿ ಶುರುವಾದ ತಲೆನೋವು, ಅದಕ್ಕೆ ಅಂಗಡಿಯಿಂದ ತಂದ ಮಾತ್ರೆ. ಒಂದಿದ್ದದ್ದು ನಾಲ್ಕಾಯಿತು, ನಾಲ್ಕು ಎಂಟಾಯಿತು. "ಈಗ ನೋವಿಲ್ದಿದ್ರೂ ಬೇಕು. ನುಂಗದಿದ್ರೆ ಕೈ ನಡುಗುತ್ತೆ. ಮಕ್ಕಳ ಮೇಲೆ ರೇಗ್ತೀನಿ. ಆಮೇಲೆ, ನಾನಿಲ್ದಿದ್ರೇ ಅವಕ್ಕೆ ಒಳ್ಳೇದು ಅನ್ಸುತ್ತೆ."

"ಇವತ್ತು ಅನ್ನಿಸ್ತಾ?"

"ಬೆಳಿಗ್ಗೆ ಅನ್ನಿಸ್ತು. ಈಗ ನಿನ್ನ ಹತ್ರ ಮಾತಾಡ್ತಿದೀನಲ್ಲ, ಇಲ್ಲ."

"ಮಾತ್ರೆ ಎಲ್ಲಿದೆ?"

ಅತ್ತಿಗೆ ಊಟದ ಚೀಲದಿಂದ ಮಾತ್ರೆಯ ಶೀಟು ತೆಗೆದು ಅವಳ ಕೈಗಿಟ್ಟಳು. ಒಮ್ಮೆಗೇ ನಿಲ್ಲಿಸಬಾರದು, ಹೇಗೆ ಕಡಿಮೆ ಮಾಡಬೇಕೆಂದು ಡಾಕ್ಟರೇ ಹೇಳಬೇಕು ಎಂಬುದು ಹೇಗೋ ನೆನಪಾಯಿತು. "ಇದು ನನ್ನ ಹತ್ರ ಇರ್ಲಿ. ಬೇಕಾದಾಗ ನಾನೇ ಕೊಡ್ತೀನಿ. ನಾಳೆ ಕೇಂದ್ರದ ಗಾಡಿ ಬರುತ್ತೆ, ಡಾಕ್ಟರ ಹತ್ರ ಒಟ್ಟಿಗೆ ಹೋಗೋಣ. ಅಲ್ಲೀತನಕ ನಾನು ನಿಮ್ಮನೇಲೇ ಇರ್ತೀನಿ, ಮಗೂನೂ ಕರ್ಕೊಂಡು ಬರ್ತೀನಿ. ಆದ್ರೆ ಅಣ್ಣಂಗೆ ಹೇಳದೆ ಇರೋಕಾಗಲ್ಲ ಅತ್ತಿಗೆ."

"ನೀನು ಹೇಳ್ಬೇಡ. ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿ ಕೂತ್ಕೋ."

ಸರಿ ಎಂದಳು. ಆದರೆ ಲೆಕ್ಕ ಇನ್ನೂ ಬಗೆಹರಿದಿರಲಿಲ್ಲ. ತಾನು ಹುಡುಕದೆ ಇದ್ದವಳು ಸಿಕ್ಕಿದ್ದಳು, ಹುಡುಕುತ್ತಿದ್ದ ಏಳನೇ ನಂಬರಿನವಳು ಸಿಕ್ಕಿರಲಿಲ್ಲ. ಅತ್ತಿಗೆಯ ಆಚೆ ಪಕ್ಕದ ಡಬ್ಬಿಯ ಮುಂದೆ ದೊಡ್ಡಮ್ಮ ಕೂತಿದ್ದರು. ಯಾರಿಗೂ ದೊಡ್ಡಮ್ಮನಲ್ಲ, ಎಲ್ಲರಿಗೂ ದೊಡ್ಡಮ್ಮ. ಕೋಣೆಗೆಲ್ಲ ಹಿರಿಯರು, ತಮಾಷೆಗೂ ಹಿರಿಯರು.

"ದೊಡ್ಡಮ್ಮಾ, ಏಳು ನಿಮ್ಮದಾ?"

"ಹೂಂ. ಬಕೆಟ್ಟು ಕೊಡ್ತೀಯಾ?"

"ಒಂಬತ್ತನೇದಕ್ಕೆ ರೈಟು ಹಾಕಿದ್ದೀರಿ."

"ಹಾಕಿದೀನಪ್ಪ. ಎಂಟಕ್ಕೂ ಇಂಟು ಹಾಕ್ದೆ. ನೀನು ಅಷ್ಟು ಕಷ್ಟಪಟ್ಟು ಓದಿ ಹೇಳಿದ್ದೀಯ, ಒಂದಾದ್ರೂ ರೈಟು ಬೇಡ್ವಾ ಪಾಪ ಅನ್ನಿಸ್ತು. ಎಲ್ಲಾ ತಪ್ಪಾದ್ರೆ ನಿಮ್ಮ ಮೇಡಂ ನಿನ್ನ ಬೈಯಲ್ವಾ?"

ಅವಳಿಗೆ ನಗು ಉಕ್ಕಿ ಬಂತು, ಅರ್ಧದಲ್ಲೇ ನಿಂತಿತು. ಒಂದು ದಿನ ಒಂದು ರಾತ್ರಿ ಜೀವ ಹಿಂಡಿದ ರೈಟು, ಪಾಪ ಎಂದು ಹಾಕಿದ್ದೇ? ಹಾಗಾದರೆ ಅದನ್ನು ಹಾಳೆ ಹರಿಯುವಷ್ಟು ಒತ್ತಿ ಹಾಕಿದ್ದು ಯಾಕೆ? ಸುತ್ತಿಬಳಸದೆ ಮತ್ತೆ ಕೇಳಿದಳು. "ದೊಡ್ಡಮ್ಮಾ, ತಮಾಷೆ ಬೇಡ. ಬದುಕಿರೋದು ಬೇಡ ಅಂತ ಅನ್ನಿಸಿದೆಯಾ, ಇಲ್ವಾ?"

ದೊಡ್ಡಮ್ಮ ಕೈಯಲ್ಲಿದ್ದ ಮೊಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಟ್ರೇಗೆ ಹಾಕಿದರು. ಇನ್ನೊಂದು ತೆಗೆದುಕೊಂಡರು.

"ನಾಳೆ ಡಾಕ್ಟರ ಹತ್ರ ಹೋಗೋ ಗಾಡಿಯಲ್ಲಿ ಜಾಗ ಇದೆಯಾ?"

"ಇದೆ."

"ನಾನೂ ಬರ್ತೀನಿ. ನಿನ್ನ ಅತ್ತಿಗೆಗೆ ಜೊತೆಯಾಗುತ್ತೆ."

ಅತ್ತಿಗೆ ಹೋಗುವ ವಿಷಯ ಇವಳು ಯಾರಿಗೂ ಹೇಳಿರಲಿಲ್ಲ. ಫ್ಯಾನಿನ ಸದ್ದನ್ನು ನಂಬಿದ್ದೇ ತಪ್ಪಾಯಿತೇ? ಇಲ್ಲವೇ, ಪಕ್ಕದಲ್ಲೇ ಕೂತು ಅತ್ತಿಗೆ ಮಾತ್ರೆ ನುಂಗುವುದನ್ನು ದಿನಾ ನೋಡಿದವರು, ಅವಳು ಹಾಕದ ರೈಟನ್ನು ತಾವು ಹಾಕಿದರೇ? ಅಥವಾ ಅದು ಅವರದೇ ರೈಟೋ? ಇನ್ನೊಮ್ಮೆ ಕೇಳಲು ಬಾಯಿ ತೆರೆದಳು. ದೊಡ್ಡಮ್ಮನ ಮುಖ ಕತ್ತಲೆಯಲ್ಲಿತ್ತು, ಬೆಳಕು ಅವರ ಬೆರಳುಗಳ ಮೇಲಷ್ಟೇ ಇತ್ತು.

ಹೊರಗೆ ಬಂದು ಮೇಡಂಗೆ ಫೋನು ಮಾಡಿದಳು. "ನಾಳೆ ಗಾಡಿಯಲ್ಲಿ ಎರಡು ಜಾಗ ಬೇಕು ಮೇಡಂ."

"ಎರಡಾ? ಏಳನೇ ನಂಬರು ಸಿಕ್ತಲ್ವಾ?"

"ಸಿಕ್ತು ಅನ್ಸುತ್ತೆ" ಎಂದಳು. "ಇಬ್ಬರೂ ಬರ್ತಾರೆ. ಇಬ್ಬರನ್ನೂ ನೋಡೋಕೆ ಹೇಳಿ." ಆಮೇಲೆ ಒಳಗೆ ಹೋಗಿ, ಅತ್ತಿಗೆಗೂ ದೊಡ್ಡಮ್ಮನಿಗೂ ನಡುವೆ ಸ್ಟೂಲು ಹಾಕಿಕೊಂಡು, ಸಂಜೆಯ ಗಂಟೆ ಹೊಡೆಯುವವರೆಗೂ ಮೊಟ್ಟೆ ನೋಡುತ್ತ ಕೂತಳು.