ಹೂಂಗುಟ್ಟುವವರು

ಬಹಳ ತಿಂಗಳಿಂದ ಜೊತೆಗಿದ್ದ ಕಾದಂಬರಿ ಮಾಲೆಯ ಕಡೆಯ ಭಾಗ ನಿನ್ನೆ ಮಧ್ಯಾಹ್ನ ಮುಗಿಯಿತು. ಕೊನೆಯ ಪುಟ ಬಂದಾಗ ನನಗೇ ಗೊತ್ತಿಲ್ಲದಂತೆ ಗಟ್ಟಿಯಾಗಿ ಓದತೊಡಗಿದ್ದೆ. ನಮ್ಮವರು ಬ್ಯಾಂಕಿಗೆ ಹೋಗಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ. ಕೊನೆಯ ಸಾಲಿಗೆ ದನಿ ಇಳಿಸಿದೆ ನೋಡಿ, ಅಡುಗೆಮನೆಯ ಬಾಗಿಲ ಕಡೆಯಿಂದ ಯಾರೋ "ಹೂಂ" ಅಂದರು.

ಕುಕ್ಕರ್ ಅನ್ನೋಣವೆಂದರೆ ಅದನ್ನು ತೊಳೆದು ಬೋರಲು ಹಾಕಿದ್ದೆ. ಬೆಕ್ಕು ಅನ್ನೋಣವೆಂದರೆ ಅದು ನನ್ನ ಕಾಲ ಬಳಿಯೇ ಮಲಗಿತ್ತು, ಅದೂ ಕಿವಿ ನಿಮಿರಿಸಿ ಅತ್ತಲೇ ನೋಡುತ್ತಿತ್ತು. ಶಿವನ ದಯೆ, ಹಗಲಿತ್ತು, ಕರೆಂಟೂ ಇತ್ತು. ದನಿ ಪರಿಚಯದ್ದು. ನಮ್ಮ ಅತ್ತೆಯದು. ಅವರು ತೀರಿಕೊಂಡು ವರ್ಷಗಳಾದವು.

ಮೆಚ್ಚಿದ ಕಥೆ ಮುಗಿದಾಗಿನ ಸಂಕಟ ನಿಮಗೂ ಗೊತ್ತಿರಬೇಕು. ಇಷ್ಟು ದಿನ ಮನೆಯವರಂತೆ ಇದ್ದವರು ಒಂದು ಮಾತೂ ಹೇಳದೆ ಎದ್ದು ಹೋಗಿಬಿಡುತ್ತಾರೆ. ಮುಂದೇನು ಓದಲಿ ಎಂದು ಕೈ ತಡಕಾಡುತ್ತದೆ. ಮಗಳು ಇನ್ನೊಂದು ಮಾಲೆಯ ಮೊದಲ ಭಾಗ ತಂದಿಟ್ಟಿದ್ದಾಳೆ. ಅದನ್ನು ಗಟ್ಟಿಯಾಗಿ ಓದಲೋ, ಮನಸ್ಸಿನಲ್ಲಿ ಓದಲೋ? ನನ್ನ ಚಿಂತೆ ಅಷ್ಟೇ. ಇದೆಂಥ ಚಿಂತೆ ಎಂದು ನಗುವ ಮೊದಲು ಮುನಿರಾಬಾದಿನ ನಮ್ಮ ಹಳೆಯ ಕ್ವಾರ್ಟರ್ಸಿಗೆ ಒಮ್ಮೆ ಬನ್ನಿ.

ಕೊಪ್ಪಳ ಜಿಲ್ಲೆಯಾದ ಹೊಸತು. ನಮ್ಮವರು ನೀರಾವರಿ ಕಚೇರಿಯಲ್ಲಿದ್ದರು. ಕಣ್ಣಿಗೆ ಪೊರೆ ಬಂದಿದ್ದ ಅತ್ತೆ ತಮ್ಮೂರು ತಳಕಲ್ಲಿನಿಂದ ಬಂದು ನಮ್ಮ ಜೊತೆಗಿದ್ದರು. ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ಕಾದಂಬರಿ ಮಾಲೆ ಬರುತ್ತಿತ್ತು. ಒಂದೇ ಮನೆತನದ ಹೆಣ್ಣುಮಕ್ಕಳ ಕಥೆ, ಭಾಗದ ಮೇಲೆ ಭಾಗ. ಊಟವಾದ ಮೇಲೆ ನಾನು ಓದುವುದು, ಅವರು ಕೇಳುವುದು. ನನ್ನ ಓದೋ, ಸಂತೆಯಲ್ಲಿ ಬೆಂಡೆಕಾಯಿ ಆರಿಸಿದ ಹಾಗೆ, ನಿಧಾನ, ಅಲ್ಲಲ್ಲಿ ಮುರಿದು.

"ಯವ್ವಾ, ಆ ಹುಡುಗಿ ಗಂಡನ ಮನಿ ಮುಟ್ಟೂದ್ರಾಗ ನನಗ ಸಂಜಿ ಚಾದ ಹೊತ್ತಾಗ್ತೈತಿ. ಸ್ವಲ್ಪ ಜೋರ ಹೊಡಿ ಬಂಡಿ."

ತಳಕಲ್ಲಿನಲ್ಲಿ ಶ್ರಾವಣದ ಪುರಾಣ ಓದುವಾಗ ಹೂಂಗುಟ್ಟಲೆಂದೇ ಒಬ್ಬರನ್ನು ಎದುರಿಗೆ ಕೂರಿಸುತ್ತಿದ್ದರಂತೆ. ಹೂಂ ಬಾರದೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ಅತ್ತೆ ಆ ಪದ್ಧತಿಯನ್ನು ಕಾದಂಬರಿಗೂ ತಂದರು. "ಹೂಂ ಅನ್ನಾವ್ರು ಇಲ್ದಾಗ ಓದಬ್ಯಾಡ. ಓದಿದ್ರ, ಆ ಖಾಲಿ ಜಾಗಕ್ಕ ಯಾರರ ಬಂದು ಹೂಂ ಅಂತಾರ" ಎನ್ನುತ್ತಿದ್ದರು. ನಾನು ಪುಸ್ತಕದ ಮರೆಯಲ್ಲಿ ನಗುತ್ತಿದ್ದೆ.

ಒಂದು ಮಧ್ಯಾಹ್ನ ಕಥೆ ಬಿಗಿಯಾಗಿತ್ತು. ತಲೆಯೆತ್ತದೆ ಓದುತ್ತ ಹೋದೆ. ಪ್ರತಿ ಸಾಲಿಗೂ ಹೂಂ ಬರುತ್ತಿತ್ತು. ಪುಟ ತಿರುವುವಾಗ ನೋಡುತ್ತೇನೆ, ಅತ್ತೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ. ಎಷ್ಟು ಹೊತ್ತಿನಿಂದಲೋ! ಆದರೂ ಅರ್ಧಕ್ಕೆ ನಿಂತ ಸಾಲನ್ನು ಹೇಗೋ ಮುಗಿಸಿದೆ. ಬಾಗಿಲ ಮರೆಯಿಂದ, ಎಳೆಯ ದನಿಯಲ್ಲಿ, "ಹೂಂ."

ಅತ್ತೆಯನ್ನು ಅಲುಗಿಸಿ ಎಬ್ಬಿಸಿದೆ. "ಅತ್ತಿ, ಏಳ್ರಿ! ನೀವು ಮಲ್ಕೊಂಡೀರಿ, ಹೂಂ ಅಂದಾವ್ರು ಯಾರ್ರಿ?"

ಅವರು ಹೆದರಲಿಲ್ಲ. "ದನಿ ಸಣ್ಣದಿತ್ತೇನು?"

"ಹೂಂ ರೀ" ಅಂದವಳು ನನ್ನ ಹೂಂಗೆ ನಾನೇ ಬೆಚ್ಚಿದೆ.

"ನಮ್ಮ ಗಿರಿಜಿ. ಕಥಿ ಅಂದ್ರ ಉಣ್ಣೂದ ಬಿಡ್ತಿತ್ತು ಕೂಸು."

ಗಿರಿಜಾ ಅವರ ಮಗಳು. ನಾನು ಸೊಸೆಯಾಗಿ ಬರುವ ಮೊದಲೇ, ಇನ್ನೂ ಶಾಲೆಗೆ ಹೋಗುವ ವಯಸ್ಸಿನಲ್ಲಿ, ಜ್ವರ ಬಂದು ತೀರಿಕೊಂಡಿದ್ದಳು.

ಮರುದಿನದಿಂದ ಅತ್ತೆ ತಾವು ಹೂಂ ಅನ್ನುವುದನ್ನೇ ಬಿಟ್ಟರು. ತುಟಿ ಬಿಗಿಹಿಡಿದು, ಬಾಗಿಲ ಕಡೆ ಕಿವಿಯಿಟ್ಟು ಕೂಡುತ್ತಿದ್ದರು. ನಾನು ವಿಭೂತಿ ಧರಿಸಿ, ಬಾಗಿಲಿಗೆ ಬೆನ್ನು ಮಾಡದಂತೆ ಕುಳಿತು ಓದುತ್ತಿದ್ದೆ. ಹೂಂ ಬರುತ್ತಿತ್ತು. ಹೇಳಿದರೆ ನಂಬುತ್ತೀರೋ ಇಲ್ಲವೋ, ಕೆಲವು ದಿನಕ್ಕೆ ರೂಢಿಯೂ ಆಯಿತು. ಮೊಸರು ಹೆಪ್ಪುಗಟ್ಟದ ದಿನ ಪಡುವಷ್ಟು ಗಾಬರಿಯನ್ನೂ ಅದಕ್ಕೆ ಪಡಲಿಲ್ಲ.

ಮಾಲೆಯ ಕಡೆಯ ಭಾಗ ಬಂತು. ಅತ್ತೆ ಓದನ್ನು ಸುಮ್ಮಸುಮ್ಮನೆ ನಿಲ್ಲಿಸತೊಡಗಿದರು. ಹಪ್ಪಳ ಒಣಗ್ಯಾವೇನು ನೋಡು, ನಳ ಬಂತೇನು ನೋಡು. ಕಥೆ ಮುಗಿದರೆ ಕೂಸು ಎದ್ದು ಹೋದೀತೆಂಬ ಭಯ. ನನಗದು ತಿಳಿದು, ನಮ್ಮವರಿಗೆ ಹೇಳಿ ಇನ್ನೊಂದು ಮಾಲೆಯನ್ನು ತರಿಸಿಟ್ಟೆ. ಕಡೆಯ ಸಾಲಿಗೆ ಹೂಂ ಬಂದದ್ದೇ ತಡ, ಹೊಸ ಪುಸ್ತಕ ತೆರೆದೆ. ಅತ್ತೆ ಅದರ ಮೇಲೆ ಅಂಗೈ ಇಟ್ಟರು.

"ಬ್ಯಾಡ."

"ಭಾಳ ಛಲೋ ಐತ್ರಿ ಇದು. ಇನ್ನೊಂದು ವರ್ಷ ನಡಿತೈತಿ."

"ಅದಕ್ಕ ಬ್ಯಾಡ. ಹಚ್ಚಿದ್ರ ಕೇಳ್ಕೋತ ನಿಂತ ಬಿಡ್ತಾಳ. ನನ್ನ ಆಸೆಗೆ ಆ ಕೂಸನ್ನ ಬಾಗಲದಾಗ ಎಷ್ಟಂತ ನಿಂದ್ರಸ್ಲಿ?"

ಆಮೇಲೆ ಬಾಗಿಲಿಗೆ ಮುಖ ಮಾಡಿ, ಮಗುವನ್ನು ಶಾಲೆಗೆ ಕಳಿಸುವ ದನಿಯಲ್ಲಿ ಹೇಳಿದರು: "ಕಥಿ ಮುಗೀತು, ಗಿರಿಜಿ. ಹೋಗಿ ಬಾ ಅನ್ನಂಗಿಲ್ಲ ನಾ. ಹೋಗವ್ವಾ."

ನನ್ನ ಕಡೆ ನೋಡದೆಯೇ, "ನಿನಗ ಬೇಕಾದ್ದು ಓದ್ಕೋ. ಮನಸಿನ್ಯಾಗ" ಅಂದರು. ಆ ಸಂಜೆ ಚಹಾ ಆರಿಹೋಯಿತು, ಅವರು ಮುಟ್ಟಲಿಲ್ಲ.

ಮುಂದೆ ಅವರ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಅದೂ ದೇವರ ದೊಡ್ಡ ಉಪಕಾರ; ಬೇಕಾದ್ದನ್ನು ತಾವೇ ಓದಿಕೊಂಡರು. ಗಂಗಾವತಿಯ ಈ ಮನೆಗೆ ಬಂದ ಮೇಲೂ ನಾನು ಗಟ್ಟಿಯಾಗಿ ಓದಿದವಳಲ್ಲ, ನಿನ್ನೆಯವರೆಗೆ.

ಅವರ ದನಿ ಕೇಳಿದ ಸುಖ ಸಣ್ಣದಲ್ಲ. ಮಗಳು ತಂದ ಪುಸ್ತಕ ದಪ್ಪಗಿದೆ, ಹಿಂದೆ ಇನ್ನೂ ಭಾಗಗಳಿವೆ; ವರ್ಷಗಟ್ಟಲೆ ಅವರನ್ನು ಇಲ್ಲೇ ಇರಿಸಿಕೊಳ್ಳಬಹುದು. ಸೊಸೆಯಾದ ನನಗೇ ಇಷ್ಟು ಆಸೆಯಾದರೆ, ಹೆತ್ತವರಿಗೆ ಅಂದು ಎಷ್ಟಾಗಿತ್ತೋ. ನಿನ್ನೆ ಬಾಗಿಲಿಗೆ ಮುಖ ಮಾಡಿ "ಮುಗೀತ್ರಿ ಅತ್ತಿ" ಅಂದೆ. ಅದರ ಮುಂದಿನ ಮಾತಿಗೆ ನಾಲಿಗೆ ಏಳಲಿಲ್ಲ.

ಇವತ್ತು ಹೊಸ ಪುಸ್ತಕ ಹಿಡಿದು ಹೊರಗಿನ ಕಟ್ಟೆಗೆ ಬಂದು, ಮನಸ್ಸಿನಲ್ಲೇ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ನೋಡಿಕೊಳ್ಳುತ್ತೇನೆ, ತುಟಿಗಳು ಅಲುಗುತ್ತಿವೆ. ಸೆರಗನ್ನು ಬಾಯಿಗೆ ಒತ್ತಿಹಿಡಿದು ಓದುತ್ತಿದ್ದೇನೆ.